ಭಾವನ ಅಂಗಡಿ ಕಂಪ್ಯೂಟರು, ಇಲ್ಲದ ಫೈಲು, ಎರಡು ಸಲ ಎಂಟರ್

ಅರಸೀಕೆರೇಲಿ ನಮ್ಮ ಭಾವಂದು ಒಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಲ್ಲಿ ಜೆರಾಕ್ಸ್ ಅಂತಿದ್ರೂ ನಡೆಯೋದು ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಟೈಪಿಂಗು, ಪಹಣಿ ತೆಗೆದುಕೊಡೋದು, ಜಾತಿ ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕೋದು, ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಶನ್, ಮದ್ವೆ ಸೀಸನ್ ಬಂತಂದ್ರೆ ಲಗ್ನಪತ್ರಿಕೆ ಕರಡು. ಗೌರಿ ಹಬ್ಬಕ್ಕೆ ಎರಡು ವಾರ ಇರೋವಾಗ ಅಕ್ಕನ್ನ ನೋಡ್ಕೊಂಡು ಬರೋಣ ಅಂತ ಹೋಗಿದ್ದೆ, ಟ್ರೈನ್ ಇಳಿದು ಅಂಗಡಿ ಹತ್ರ ಹೋಗಿ ಕೂತ ತಕ್ಷಣ ಭಾವ ಶುರು ಹಚ್ಕೊಂಡ್ರು, "ಲೋ, ನೀನು ಬೆಂಗ್ಳೂರಲ್ಲಿ ಕಂಪ್ಯೂಟರ್ ಕೆಲ್ಸ ತಾನೇ, ಇದು ಏನಂತ ನೋಡೋ, ದಿನಾ ಬೆಳಗ್ಗೆ ಆನ್ ಮಾಡಿದ್ರೆ ಶನಿ ಥರ ಬಂದು ನಿಲ್ಲುತ್ತೆ." ನಾನು ಮಾಡೋದು ಅಕೌಂಟ್ಸ್ ಸಾಫ್ಟ್‌ವೇರ್ ಟೆಸ್ಟಿಂಗು, ಆದ್ರೆ ನೆಂಟರ ಲೆಕ್ಕದಲ್ಲಿ ಕೀಬೋರ್ಡ್ ಮುಟ್ಟೋರೆಲ್ಲ ಒಂದೇ, ಪ್ರಿಂಟರ್ ರಿಪೇರಿಯಿಂದ ಹಿಡಿದು ಟಿವಿ ಸೆಟ್ ಟಾಪ್ ಬಾಕ್ಸ್‌ವರೆಗೂ ಎಲ್ಲಾ ನಮ್ಮ ತಲೆ ಮೇಲೇ.

ಆಫ್ ಮಾಡಿ ಆನ್ ಮಾಡಿದ್ವಿ. ಡೆಸ್ಕ್‌ಟಾಪ್ ಬಂದು ಒಂದು ಹತ್ತು ಸೆಕೆಂಡಿಗೆ ಸ್ಕ್ರೀನಿನ ಮಧ್ಯದಲ್ಲಿ ಚಿಕ್ಕ ಬಾಕ್ಸ್. ಮೇಲೆ ಹೆಡ್ಡಿಂಗು ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್. ಒಳಗಡೆ ಕ್ಯಾನ್ ನಾಟ್ ಫೈಂಡ್ ಸ್ಕ್ರಿಪ್ಟ್ ಫೈಲ್, ಆಮೇಲೆ ಫೈಲ್ ಇರೋ ಜಾಗ ಹೇಳೋ ಒಂದು ಉದ್ದ ಪಾತು: ಸಿ ಡ್ರೈವ್, ಯೂಸರ್ಸ್, ಶಾಪ್, ಆಪ್‌ಡೇಟಾ, ರೋಮಿಂಗ್, ಕೊನೇಲಿ ತಲೆಬುಡ ಇಲ್ಲದ ಎಂಟು ಅಕ್ಷರ ಸೇರಿಸಿ ಡಾಟ್ ವಿಬಿಎಸ್, ಅಂದ್ರೆ ವಿಂಡೋಸ್ ಓದಿ ಓಡ್ಸೋ ಕಮಾಂಡುಗಳ ಫೈಲು. ಭಾವ ಅದನ್ನ ಓದೋಕೂ ಹೋಗ್ಲಿಲ್ಲ, ಪಟ್ ಪಟ್ ಅಂತ ಎರಡು ಸಲ ಎಂಟರ್ ಹೊಡೆದ್ರು, ಹೋಯ್ತು. "ಎರಡು ಸಲ ಯಾಕೆ ಹೊಡೀತೀರ ಭಾವ?" ಅಂದೆ. "ಎಂಟರ್ ಕೀ ಸರಿ ಇಲ್ಲ ಕಣೋ, ಒಂದೇಟಿಗೆ ಹತ್ತಲ್ಲ." ನನಗ್ಯಾಕೋ ಅನುಮಾನ ಬಂತು. ಇನ್ನೊಂದು ಸಲ ರೀಸ್ಟಾರ್ಟ್ ಮಾಡಿ ಎಂಟರ್ ಒತ್ತದೇ ಮೌಸಲ್ಲಿ ಬಾಕ್ಸನ್ನ ಪಕ್ಕಕ್ಕೆ ಎಳೆದೆ. ಅದರ ಕೆಳಗೆ ಅಚ್ಚು ಹಾಕಿದಂಗೆ ಇನ್ನೊಂದು ಬಾಕ್ಸು, ಅದೇ ಮಾತು, ಅದೇ ಪಾತು. ಕೀಬೋರ್ಡ್ ಪಾಪ ನೆಟ್ಟಗೇ ಇತ್ತು, ಬರ್ತಿದ್ದಿದ್ದೇ ಎರಡು ಮೆಸೇಜು, ಒಂದರ ಮೇಲೊಂದು ಕರೆಕ್ಟಾಗಿ ಕೂತ್ಕೊಂಡು.

ಯಾವಾಗಿಂದ ಹಿಂಗೆ ಅಂತ ಕೇಳಿದ್ರೆ "ಯುಗಾದಿ ಆದ್ಮೇಲೆ" ಅಂದ್ರು. ಅಂದ್ರೆ ನಾಲ್ಕೈದು ತಿಂಗಳು! ನಡುವೆ ಊರಲ್ಲೇ ಒಬ್ರು ಕಂಪ್ಯೂಟರ್ ರಿಪೇರಿಯವರು ಬಂದು ನೋಡಿ ಫಾರ್ಮ್ಯಾಟ್ ಹೊಡೀಬೇಕು ಅಂದಿದ್ರಂತೆ. ಫಾರ್ಮ್ಯಾಟ್ ಅಂದ್ರೆ ಭಾವನಿಗೆ ಎದೆ ಧಸಕ್ ಅನ್ನುತ್ತೆ, ಯಾಕಂದ್ರೆ ಆ ಮಷೀನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಅರ್ಜಿ ಮಾದರಿಗಳಿವೆ, ಕ್ರಯಪತ್ರದ ಕರಡುಗಳಿವೆ, ಹಳೇ ಕೀಬೋರ್ಡ್ ಲೇಔಟಿಗೆ ಸೆಟ್ ಮಾಡಿದ ನುಡಿ ಇದೆ, ಬೆರಳಚ್ಚು ತಗೊಳ್ಳೋ ಮಷೀನಿನ ಡ್ರೈವರ್ ಇದೆ, ಅದನ್ನ ಹಾಕ್ಸೋಕೇ ಹಿಂದೆ ಎರಡು ದಿನ ಅಲೆದಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಒಂದು ಮೆಸೇಜ್ ಬಾಕ್ಸಿಗೋಸ್ಕರ ಫಾರ್ಮ್ಯಾಟ್ ಹೊಡೆಯೋದು, ಬಾಗಿಲು ಕಿರ್ ಅಂತ ಸೌಂಡ್ ಮಾಡುತ್ತೆ ಅಂತ ಮನೆ ಕೆಡವೋ ಕೆಲ್ಸ. ಸರಿ ನಾನೇ ನೋಡ್ತೀನಿ ಅಂತ ಕೂತೆ, ಅಕ್ಕ ಮನೆಯಿಂದ ಚಕ್ಲಿ ಡಬ್ಬಿ ಬೇರೆ ಕಳಿಸಿದ್ಲು.

ಮೊದಲು ಮಾಡಿದ್ದು ಆ ಮೆಸೇಜಿನ ಫೋಟೋ ಮೊಬೈಲಲ್ಲಿ ತೆಗೆದಿಟ್ಕೊಂಡೆ. ಇದು ಚಿಕ್ಕ ಕೆಲ್ಸ ಅನ್ಸುತ್ತೆ, ಆದ್ರೆ ನಾವು ಹುಡುಕಬೇಕಾಗಿರೋದೇ ಆ ಎಂಟು ಅಕ್ಷರ, ಒಂದು ಅಕ್ಷರ ತಪ್ಪಾಗಿ ನೆನಪಿಟ್ರೂ ಹುಡುಕಿದ್ದೆಲ್ಲ ವೇಸ್ಟು. ಆಮೇಲೆ ಆ ರೋಮಿಂಗ್ ಫೋಲ್ಡರ್ ತೆಗೆದು ನೋಡಿದೆ, ಹಿಡನ್ ಫೈಲ್ಸ್ ಕಾಣೋ ಹಾಗೆ ಮಾಡ್ಕೊಂಡು. ಫೈಲು ನಿಜವಾಗ್ಲೂ ಇಲ್ಲ. ಮೆಸೇಜು ಸುಳ್ಳು ಹೇಳ್ತಿಲ್ಲ.

ಫೈಲ್ ಎಲ್ಲಿ ಹೋಯ್ತು? ಮಷೀನಲ್ಲಿ ಒಂದು ಆಂಟಿವೈರಸ್ ಇತ್ತು, ಒಂದು ವರ್ಷದ್ದು, ಮುಗಿದು ಹೋಗಿದ್ರೂ ಮೂಲೇಲಿ ಕೂತು ರಿನ್ಯೂ ಮಾಡಿ ಅಂತ ಗೋಗರೀತಿತ್ತು. ಅದರ ಕ್ವಾರಂಟೈನ್ ಲಿಸ್ಟ್ ತೆಗೆದ್ರೆ ಅದೇ ಎಂಟು ಅಕ್ಷರದ ವಿಬಿಎಸ್ ಫೈಲು, ಹಿಡಿದು ಹಾಕಿದ ತಾರೀಕು ಯುಗಾದಿ ಆದ ಮರುವಾರ. ಅಲ್ಲಿಗೆ ಕಥೆ ಅರ್ಧ ಗೊತ್ತಾಯ್ತು. ಯಾರದೋ ಪೆನ್ ಡ್ರೈವಿಂದ ವೈರಸ್ ಬಂದಿದೆ, ಬಂದು ತಾನು ದಿನಾ ಎದ್ದೇಳೋಕೆ ಏನೇನು ವ್ಯವಸ್ಥೆ ಬೇಕೋ ಎಲ್ಲಾ ಮಾಡ್ಕೊಂಡಿದೆ, ಆಂಟಿವೈರಸ್ ಬಂದು ಫೈಲನ್ನ ಎತ್ತಾಕಿದೆ, ಆದ್ರೆ ಎಬ್ಬಿಸೋ ವ್ಯವಸ್ಥೆ ಮಾತ್ರ ಹಾಗೇ ಬಿಟ್ಟಿದೆ. ಊರು ಬಿಟ್ಟು ಹೋದೋನ ಮನೆ ಮುಂದೆ ಹಾಲಿನೋನು ದಿನಾ ಬಂದು ಬೆಲ್ ಮಾಡಿ "ಯಾರೂ ಇಲ್ವಲ್ಲಾ" ಅಂತ ಕೂಗಿದಂಗೆ. ಹಾಲಿನೋನಿಗೆ ಹೇಳಿ ನಿಲ್ಲಿಸ್ಬೇಕು, ಅಷ್ಟೇ ಕೆಲ್ಸ. ಎಷ್ಟು ಜನ ಹಾಲಿನೋರು ಅನ್ನೋದು ಮಾತ್ರ ಗೊತ್ತಿರ್ಲಿಲ್ಲ.

ಇಲ್ಲೊಂದು ಸೋಮಾರಿ ಉಪಾಯ ಇದೆ, ನಾನೂ ಒಂದು ನಿಮಿಷ ಯೋಚನೆ ಮಾಡ್ದೆ. ಅದೇ ಜಾಗದಲ್ಲಿ ಅದೇ ಹೆಸರಲ್ಲಿ ಒಂದು ಖಾಲಿ ವಿಬಿಎಸ್ ಫೈಲ್ ಇಟ್ಬಿಟ್ರೆ ವಿಂಡೋಸ್ ಅದನ್ನ ಓಡ್ಸಿ, ಏನೂ ಇಲ್ಲ ಅಂತ ಸುಮ್ನಾಗುತ್ತೆ, ಮೆಸೇಜೂ ಬರಲ್ಲ. ಆದ್ರೆ ನಾಳೆ ಇನ್ಯಾವುದೋ ಪೆನ್ ಡ್ರೈವಿಂದ ಅದೇ ಜಾತಿ ವೈರಸ್ ಬಂದು ಅದೇ ಹೆಸರಲ್ಲಿ ಕೂತ್ರೆ ಅದಕ್ಕೆ ಹಾಸಿಗೆ ಹಾಸಿಟ್ಟಂಗಾಗುತ್ತೆ. ಬೇಡ ಅಂತ ಬಿಟ್ಟೆ.

ಟಾಸ್ಕ್ ಮ್ಯಾನೇಜರ್ ತೆಗೆದು ಸ್ಟಾರ್ಟಪ್ ಟ್ಯಾಬಿಗೆ ಹೋದೆ, ಆನ್ ಆದಾಗ ತಾನಾಗೇ ಶುರುವಾಗೋ ಪ್ರೋಗ್ರಾಮುಗಳ ಲಿಸ್ಟ್ ಅಲ್ಲಿರುತ್ತೆ. ಮಷೀನು ವಿಂಡೋಸ್ 10, ಅದರ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗೀತು ಅಂತ ಹೇಳಿದ್ರೆ ಭಾವ "ಪ್ರಿಂಟ್ ಬರ್ತಿದ್ಯಲ್ಲ" ಅಂದ್ರು, ಆ ಮಾತು ಅಲ್ಲಿಗೆ ಬಿಟ್ಟೆ. ಲಿಸ್ಟಲ್ಲಿ ನುಡಿ ಇತ್ತು, ಪ್ರಿಂಟರಿಂದು ಇತ್ತು, ಆಡಿಯೋದು ಇತ್ತು, ಜೊತೆಗೆ ಮೈಕ್ರೋಸಾಫ್ಟ್ ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್ ಅಂತ ಎರಡು ಸಾಲು. ಪಬ್ಲಿಷರ್ ಮೈಕ್ರೋಸಾಫ್ಟ್ ಕಾರ್ಪೊರೇಶನ್. ಹಿಂದೆ ಬಂದ ರಿಪೇರಿಯವರು ಇಲ್ಲೇ ಎಡವಿರ್ಬೇಕು ಅಂತ ನನ್ನ ಊಹೆ, ಮೈಕ್ರೋಸಾಫ್ಟ್ ಅಂತ ಇದೆ, ನಮಗ್ಯಾಕೆ ಅಂತ ಬಿಟ್ಟಿರ್ತಾರೆ. ಅದು ಸುಳ್ಳಲ್ಲ, ಡಬ್ಲ್ಯೂಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮು ವಿಂಡೋಸಿಂದೇ, ವಿಬಿಎಸ್ ಫೈಲ್ ಓದಿ ಹೇಳಿದಂಗೆ ಮಾಡೋದು ಅದರ ಕೆಲ್ಸ, ಯಾರ ಫೈಲ್ ಅಂತ ಕೇಳಲ್ಲ. ಬಾಡಿಗೆ ಆಟೋ ಥರ, ಹತ್ತಿದೋನು ಕಳ್ಳ ಆದ್ರೂ ಕರ್ಕೊಂಡು ಹೋಗುತ್ತೆ. ಲಿಸ್ಟಿನ ಮೇಲ್ಗಡೆ ಕಾಲಂ ಹೆಸರುಗಳಿರೋ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಕಮಾಂಡ್ ಲೈನ್ ಅನ್ನೋದಕ್ಕೆ ಟಿಕ್ ಹಾಕಿದ್ರೆ ಪೂರ್ತಿ ಸಾಲು ಕಾಣುತ್ತೆ. ಹಾಕ್ದೆ. ಎರಡರಲ್ಲೂ ಡಬ್ಲ್ಯೂಸ್ಕ್ರಿಪ್ಟ್, ಅದರ ಪಕ್ಕ ನಮ್ಮ ಎಂಟು ಅಕ್ಷರದ ಫೈಲು. ಸಿಕ್ಕಿಬಿದ್ರು ಇಬ್ರೂ. (ಅಲ್ಲಿ ಓಪನ್ ಫೈಲ್ ಲೊಕೇಶನ್ ಕೊಟ್ರೆ ಸಿಸ್ಟಮ್32 ಒಳಗಿರೋ ಡಬ್ಲ್ಯೂಸ್ಕ್ರಿಪ್ಟ್ ತೋರಿಸುತ್ತೆ, ಇದೇ ವೈರಸ್ ಅಂತ ಅದನ್ನ ಡಿಲೀಟ್ ಹೊಡೆಯೋಕೆ ಹೋಗ್ಬೇಡಿ.)

ಡಿಸೇಬಲ್ ಒತ್ತಿದ್ರೆ ಅಲ್ಲಿಗೇ ನಿಲ್ತಿತ್ತು, ಆದ್ರೆ ನನಗೆ ಅದರ ಬೇರನ್ನೇ ಕೀಳಬೇಕಿತ್ತು. ವಿಂಡೋಸ್ ಕೀ ಜೊತೆ ಆರ್ ಒತ್ತಿದ್ರೆ ಬರೋ ರನ್ ಬಾಕ್ಸಲ್ಲಿ ರೆಜೆಡಿಟ್ ಅಂತ ಹೊಡೆದು, ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡೋ ರಿಜಿಸ್ಟ್ರಿ ತೆಗೆದೆ. ಎಚ್‌ಕೀ ಕರೆಂಟ್ ಯೂಸರ್ ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ರನ್. ಆನ್ ಆದಾಗ ಓಡ್ಸಬೇಕಾದ್ದನ್ನ ಬರೆದಿಡೋದು ಈ ರನ್ ಅನ್ನೋ ಕೀ ಒಳಗೆ. ಒಂದು ಅಲ್ಲೇ ಇತ್ತು. ಇನ್ನೊಂದು ಎಚ್‌ಕೀ ಲೋಕಲ್ ಮಷೀನಲ್ಲಿ ಇದೇ ದಾರೀಲಿ ಇರ್ಬೇಕು ಅಂತ ಹೋದೆ, ಇಲ್ಲ. ಐದು ನಿಮಿಷ ತಲೆ ಕೆರ್ಕೊಂಡ ಮೇಲೆ ನೆನಪಾಯ್ತು, 64 ಬಿಟ್ ವಿಂಡೋಸಲ್ಲಿ 32 ಬಿಟ್ ಪ್ರೋಗ್ರಾಮುಗಳು ಲೋಕಲ್ ಮಷೀನ್ ಸಾಫ್ಟ್‌ವೇರ್ ಕೆಳಗೆ ಏನಾದ್ರೂ ಬರೆಯೋಕೆ ಹೋದ್ರೆ ವಿಂಡೋಸ್ ಅದನ್ನ ಸದ್ದಿಲ್ದೆ ವಾವ್6432ನೋಡ್ ಅನ್ನೋ ಬೇರೆ ಕೋಣೆಗೆ ತಿರುಗಿಸುತ್ತೆ. ಆ ಕೋಣೆ ಒಳಗೂ ಇದೇ ಥರ ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ರನ್ ಇರುತ್ತೆ. ಎರಡನೇದು ಅಲ್ಲಿ ಕೂತಿತ್ತು.

ಡಿಲೀಟ್ ಮಾಡೋ ಮುಂಚೆ ಎರಡೂ ರನ್ ಕೀಗಳನ್ನ ಫೈಲ್ ಮೆನುವಿಂದ ಎಕ್ಸ್‌ಪೋರ್ಟ್ ಮಾಡಿ ಡಿ ಡ್ರೈವಲ್ಲಿ ಇಟ್ಟೆ, ತಪ್ಪಾಗಿ ನುಡೀದು ಹಾರಿಸ್ಬಿಟ್ರೆ ಅದನ್ನ ಡಬಲ್ ಕ್ಲಿಕ್ ಮಾಡಿದ್ರೆ ವಾಪಸ್ ಬರುತ್ತೆ ಅಂತ. ಆಮೇಲೆ ರನ್ ಕೀ ಒಳಗಿರೋ ಆ ಒಂದು ಸಾಲು ಮಾತ್ರ ಡಿಲೀಟು, ಇಡೀ ರನ್ ಫೋಲ್ಡರ್ ಅಲ್ಲ. ಜೊತೆಗೇ ಒಂದೇ ಸಲ ಓಡ್ಸೋವನ್ನ ಬರೆದಿಡೋ ರನ್‌ಒನ್ಸ್ ನೋಡಿದೆ, ಖಾಲಿ. ಶೆಲ್ ಕೋಲನ್ ಸ್ಟಾರ್ಟಪ್ ಅಂತ ರನ್ ಬಾಕ್ಸಲ್ಲಿ ಟೈಪ್ ಮಾಡಿ ಸ್ಟಾರ್ಟಪ್ ಫೋಲ್ಡರೂ ನೋಡಿದೆ, ನುಡಿ ಶಾರ್ಟ್‌ಕಟ್ ಬಿಟ್ರೆ ಬೇರೇನೂ ಇಲ್ಲ.

ರಿಜಿಸ್ಟ್ರೀಲಿ ವಿನ್‌ಲಾಗಾನ್ ಅಂತ ಇನ್ನೊಂದು ಜಾಗ ಇದೆ, ಲಾಗಿನ್ ಆದಾಗ ಏನು ಓಡ್ಬೇಕು ಅಂತ ಬರೆದಿರೋದು, ವಿಂಡೋಸ್ ಎನ್‌ಟಿ ಒಳಗಡೆ ಕರೆಂಟ್ ವರ್ಷನ್ನಲ್ಲಿ. ಅಲ್ಲಿ ಶೆಲ್ ಅನ್ನೋದರ ಮುಂದೆ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಅಂತ ಮಾತ್ರ ಇರ್ಬೇಕು, ಯೂಸರ್‌ಇನಿಟ್ ಮುಂದೆ ಸಿಸ್ಟಮ್32 ಒಳಗಿನ ಯೂಸರ್‌ಇನಿಟ್ ಪಾತು, ಕೊನೇಲಿ ಒಂದು ಕಾಮಾ. ಆ ಕಾಮಾ ನೋಡಿ ಯಾರೋ ಏನೋ ಸೇರಿಸಕ್ಕೆ ಹೋಗಿ ಅರ್ಧಕ್ಕೆ ಬಿಟ್ಟಿದಾರೆ ಅನ್ಸುತ್ತೆ, ಅದು ಇರೋದೇ ಹಾಗೆ. ಇದನ್ನ ಮುಟ್ಟೋಕೆ ನನಗೆ ಇವತ್ತಿಗೂ ಕೈ ನಡುಗುತ್ತೆ. ಕಾಲೇಜಲ್ಲಿ ಓದುವಾಗ ಎಕ್ಸ್‌ಪಿ ಮಷೀನೊಂದರಲ್ಲಿ ಇದೇ ಥರ ವೈರಸ್ ತೆಗೀತೀನಿ ಅಂತ ಹೋಗಿ ಯೂಸರ್‌ಇನಿಟ್ ಸಾಲನ್ನೇ ಅಳಿಸಿಬಿಟ್ಟಿದ್ದೆ. ಆಮೇಲೆ ಲಾಗಿನ್ ಆದ ತಕ್ಷಣ ಲಾಗ್ ಆಫ್, ಮತ್ತೆ ಲಾಗಿನ್, ಮತ್ತೆ ಲಾಗ್ ಆಫ್, ಸೇಫ್ ಮೋಡಲ್ಲೂ ಅದೇ. ಆ ಮಷೀನ್ ನಂದಾಗಿರ್ಲಿಲ್ಲ ಅನ್ನೋದು ಬೇರೆ ಕಥೆ. ಇಲ್ಲಿ ನೋಡಿದೆ, ಎರಡೂ ಸರಿಯಾಗಿತ್ತು, ಕೈ ಮುಗಿದು ಮುಚ್ಚಿದೆ.

ಸೈನ್ ಔಟ್ ಮಾಡಿ ಸೈನ್ ಇನ್. ಮೆಸೇಜಿಲ್ಲ. ಆಫ್ ಮಾಡಿ ಆನ್, ಇಲ್ಲ. ರೀಸ್ಟಾರ್ಟ್, ಇಲ್ಲ. ಭಾವ "ಅಷ್ಟೇನಾ!" ಅಂದ್ರು, ನಾಲ್ಕೈದು ತಿಂಗಳು ಅನುಭವಿಸಿದ್ದಕ್ಕೆ ಇನ್ನೂ ಸ್ವಲ್ಪ ಕಷ್ಟದ ಕೆಲ್ಸ ಆಗಿರ್ಬೇಕಿತ್ತು ಅನ್ನೋ ಥರ. ಶೆಟರ್ ಎಳೆದು ಮನೆಗೆ ಹೋಗಿ ಮುದ್ದೆ ಬಸ್ಸಾರು ಹೊಡೆದು ಮಲಗಿದ್ವಿ.

ಭಾನುವಾರ ಬೆಳಗ್ಗೆ ಅರ್ಧ ದಿನ ಅಂಗಡಿ. ಅಲ್ಲಿ ಟೈಪಿಂಗ್ ಮಾಡೋ ಹುಡುಗಿ ಒಂಬತ್ತೂವರೆಗೆ ಬಂದು ಕೂತ್ಲು, ಪಿಯುಸಿ ಮುಗಿಸಿ ಮೂರು ವರ್ಷದಿಂದ ಅಲ್ಲೇ ಇದಾಳೆ, ನುಡೀಲಿ ಅವಳ ಸ್ಪೀಡ್ ನೋಡಿದ್ರೆ ನನಗೆ ಹೊಟ್ಟೆ ಉರಿ. ಭಾವ ಹೆಮ್ಮೆಯಿಂದ "ಆ ಮೆಸೇಜು ಹೋಯ್ತು ಕಣಮ್ಮ, ನಮ್ಮ ಹುಡುಗ ತೆಗೆದ" ಅಂದ್ರು. ಅವಳು ನನ್ನ ಕಡೆ ತಿರುಗಿ, "ಹತ್ತು ಗಂಟೇದೂ ಹೋಯ್ತಾ ಅಣ್ಣ?" ಅಂದ್ಲು.

ಹತ್ತು ಗಂಟೇದು ಯಾವುದು?

"ಹತ್ತು ಹತ್ತಕ್ಕೊಂದು ಬರುತ್ತೆ, ಹತ್ತು ನಲವತ್ತಕ್ಕೊಂದು, ಹನ್ನೊಂದು ಹತ್ತಕ್ಕೊಂದು. ಸಾಯಂಕಾಲದವರೆಗೂ ಹಿಂಗೇ. ಟೈಪ್ ಮಾಡ್ತಿರುವಾಗ ಮಧ್ಯ ಬಂದ್ರೆ ನಾನು ನೋಡಿರಲ್ಲ, ಪ್ಯಾರಾ ಕೊನೆಗೆ ಎಂಟರ್ ಹೊಡೆದಿರ್ತೀನಲ್ಲ, ಅದಕ್ಕೇ ಹೊರಟೋಗುತ್ತೆ. ಆದ್ರೆ ಅಷ್ಟರೊಳಗೆ ಟೈಪ್ ಮಾಡಿದ ಎರಡು ಮೂರು ಪದ ಎಲ್ಲೂ ಬಿದ್ದಿರಲ್ಲ."

ಭಾವ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿ, ಎಂಟರ್ ಎರಡು ಸಲ ಹೊಡೆದು, ಟೀ ಕುಡಿಯೋಕೆ ಹೋದ್ರೆ ಆಮೇಲೆ ಕೂರೋದು ಕ್ಯಾಶ್ ಹತ್ರ. ಅವರಿಗೆ ಇದು ಬೆಳಗ್ಗೆ ಬರೋ ಮೆಸೇಜು. ದಿನವಿಡೀ ಮಷೀನ್ ಮುಂದೆ ಕೂರೋಳಿಗೆ ಅರ್ಧ ಗಂಟೆಗೊಂದು. ಯಾಕಮ್ಮ ಹೇಳ್ಲಿಲ್ಲ ಅಂತ ಭಾವ ಕೇಳಿದ್ರೆ "ನೀವೇ ಎಂಟರ್ ಹೊಡಿ ಹೋಗುತ್ತೆ ಅಂದಿದ್ರಲ್ಲ ಅಂಕಲ್" ಅಂದ್ಲು. ಹಿಂದಿನ ದಿನ ನಾನು ಮೊದಲು ಕೇಳಬೇಕಾಗಿದ್ದು ಇವಳನ್ನೇ, ನನಗೆ ಹೊಳೀಲೇ ಇಲ್ಲ. ಟೆಸ್ಟಿಂಗ್ ಕೆಲ್ಸ ಮಾಡೋನು ನಾನು!

ಮೂರು ಜನ ಗಡಿಯಾರ ನೋಡ್ತಾ ಕೂತ್ವಿ. 10.10ಕ್ಕೆ ಟಣ್ ಅಂತ ಬಂತು. ಒಂದೇ ಬಾಕ್ಸು.

ಇಷ್ಟು ಕರೆಕ್ಟಾಗಿ ಗಂಟೆ ಹೊಡೆದಂಗೆ ಬರುತ್ತೆ ಅಂದ್ರೆ ಅದು ಹೊತ್ತಿಗೆ ಸರಿಯಾಗಿ ಕೆಲ್ಸ ಓಡ್ಸೋ ವಿಂಡೋಸಿನ ಟಾಸ್ಕ್ ಶೆಡ್ಯೂಲರೇ. ರನ್ ಬಾಕ್ಸಲ್ಲಿ ಟಾಸ್ಕ್‌ಶೆಡ್ ಡಾಟ್ ಎಂಎಸ್‌ಸಿ ಅಂತ ಹೊಡೆದು, ವ್ಯೂ ಮೆನುವಲ್ಲಿ ಶೋ ಹಿಡನ್ ಟಾಸ್ಕ್ಸ್ ಟಿಕ್ ಹಾಕ್ಕೊಂಡು, ಎಡಗಡೆ ಲೈಬ್ರರಿ ಮೇಲೆ ಕ್ಲಿಕ್ ಮಾಡಿದ್ರೆ ಬ್ರೌಸರ್ ಅಪ್‌ಡೇಟುಗಳ ಮಧ್ಯೆ ನಮ್ಮ ಎಂಟು ಅಕ್ಷರದ ಮಹಾಶಯ ಅದೇ ಹೆಸರಲ್ಲಿ ಕೂತಿದಾನೆ, ಮುಚ್ಚಿಟ್ಕೊಳ್ಳೋ ಗೋಜಿಗೂ ಹೋಗಿಲ್ಲ. ಯಾವಾಗ ಓಡ್ಬೇಕು ಅಂತ ಹೇಳೋ ಟ್ರಿಗ್ಗರ್ ಟ್ಯಾಬಲ್ಲಿ ಯುಗಾದಿ ಹಿಂದಿನ ವಾರದ ಒಂದು ತಾರೀಕು, ಅವತ್ತು ಮಧ್ಯಾಹ್ನ ಮೂರು ಹತ್ತು, ಅಲ್ಲಿಂದಾಚೆ ಪ್ರತಿ 30 ನಿಮಿಷಕ್ಕೊಂದು ಸಲ, ಕೊನೆ ಇಲ್ಲ. ಅಂದ್ರೆ ಪೆನ್ ಡ್ರೈವ್ ಹಾಕಿದ ನಿಮಿಷ ಕೂಡ ಗೊತ್ತಾಯ್ತು! ಆಂಟಿವೈರಸ್ ಹಿಡಿದಿದ್ದು ಹತ್ತು ಹನ್ನೆರಡು ದಿನ ಬಿಟ್ಟು, ಅಷ್ಟು ದಿನ ಅದು ಆರಾಮಾಗಿ ಓಡಾಡ್ಕೊಂಡಿತ್ತು. ಇದು ಆಮೇಲೆ ಬೇರೆ ತಲೆನೋವಿಗೆ ಕಾರಣ ಆಯ್ತು, ಹೇಳ್ತೀನಿ.

ಹುಡುಗಿ ಒಂದು ಒಳ್ಳೇ ಪ್ರಶ್ನೆ ಕೇಳಿದ್ಲು. "ಊಟಕ್ಕೆ ಹೋಗಿ ಒಂದೂವರೆ ಗಂಟೆ ಬಿಟ್ಟು ಬಂದ್ರೆ ಮೂರು ಬಾಕ್ಸ್ ಇರ್ಬೇಕಲ್ಲ ಅಣ್ಣ, ಒಂದೇ ಇರುತ್ತೆ, ಯಾಕೆ?" ಅದೂ ಆ ಟಾಸ್ಕಿನ ಸೆಟ್ಟಿಂಗ್ಸ್ ಟ್ಯಾಬಲ್ಲಿತ್ತು. ಹಿಂದಿಂದು ಇನ್ನೂ ಓಡ್ತಿದ್ರೆ ಹೊಸದನ್ನ ಶುರು ಮಾಡ್ಬೇಡ ಅಂತ ಅಲ್ಲಿ ಸೆಟ್ ಆಗಿರುತ್ತೆ. ಓಕೆ ಒತ್ತೋವರೆಗೂ ಆ ಬಾಕ್ಸ್ ಸ್ಕ್ರೀನ್ ಮೇಲೆ ಕೂತಿರೋದ್ರಿಂದ ಟಾಸ್ಕ್ ಇನ್ನೂ ಓಡ್ತಿದೆ ಅಂತಲೇ ಲೆಕ್ಕ, ಅದಕ್ಕೇ ಎರಡನೇದು ಬರಲ್ಲ. ಬೆಳಗ್ಗೆ ಬರ್ತಿದ್ದ ಎರಡಕ್ಕೆ ಈ ಕಟ್ಟುಪಾಡಿಲ್ಲ, ಎರಡು ರನ್ ಕೀ ಬೇರೆ ಬೇರೆಯಾಗಿ ಕೂಗ್ತವೆ, ಎರಡೂ ಬಾಕ್ಸ್ ಬಂದು ನಡುಮಧ್ಯೆ ಒಂದರ ಮೇಲೊಂದು ಕೂರ್ತವೆ.

ಟಾಸ್ಕನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಂಡು ಮೊದಲು ಡಿಸೇಬಲ್ ಮಾಡಿದೆ. 10.40 ಆಯ್ತು, ಬರ್ಲಿಲ್ಲ. 11.10, ಬರ್ಲಿಲ್ಲ. ಆಗ ಡಿಲೀಟ್.

ಎರಡು ಸಲ ಏಮಾರಿದ ಮೇಲೆ ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು, ಅದಕ್ಕೆ ಆಟೋರನ್ಸ್ ಇಳಿಸಿದೆ. ಮೊದಲೇ ಮಾಡ್ಬೇಕಿತ್ತು ನಿಜ ಹೇಳ್ಬೇಕಂದ್ರೆ. ಸಿಸ್‌ಇಂಟರ್ನಲ್ಸ್ ಅನ್ನೋ ಹೆಸರಲ್ಲಿ ಮಾರ್ಕ್ ರುಸ್ಸಿನೋವಿಚ್ ಮತ್ತೆ ಬ್ರೈಸ್ ಕಾಗ್ಸ್‌ವೆಲ್ ಮಾಡಿದ ಟೂಲುಗಳಲ್ಲಿ ಇದೊಂದು, 2006ರಲ್ಲಿ ಮೈಕ್ರೋಸಾಫ್ಟೇ ಅವರನ್ನ ಕೊಂಡ್ಕೊಳ್ತು, ಈಗ್ಲೂ ಅವರ ಸೈಟಲ್ಲೇ ಫ್ರೀಯಾಗಿ ಸಿಗುತ್ತೆ, ಇನ್‌ಸ್ಟಾಲ್ ಮಾಡೋದೇ ಬೇಡ. ವಿಂಡೋಸ್ ಶುರುವಾಗುವಾಗ ಯಾರ್ಯಾರು ಎದ್ದೇಳ್ತಾರೆ ಅಂತ ಇರೋ ಬರೋ ಜಾಗ ಎಲ್ಲಾ ಜಾಲಾಡಿ ಒಂದೇ ಲಿಸ್ಟಲ್ಲಿ ಕೊಡುತ್ತೆ, ಫೈಲೇ ಇಲ್ದಿರೋ ಎಂಟ್ರಿಗಳಿಗೆ ಹಳದಿ ಬಣ್ಣ ಹಚ್ಚುತ್ತೆ. ನಮ್ಮ ಥರದ ತೊಂದ್ರೆಗೆ ಹೇಳಿ ಮಾಡ್ಸಿದ್ದು. ಅಡ್ಮಿನಿಸ್ಟ್ರೇಟರ್ ಆಗಿ ಓಡ್ಸಿ, ಆಪ್ಷನ್ಸಲ್ಲಿ ವಿಂಡೋಸ್ ಎಂಟ್ರಿಗಳನ್ನ ಮುಚ್ಚು ಅನ್ನೋ ಟಿಕ್ ತೆಗೆದೆ, ಯಾಕಂದ್ರೆ ಕರೆಯೋನು ವಿಂಡೋಸಿನ ಡಬ್ಲ್ಯೂಸ್ಕ್ರಿಪ್ಟೇ ಆಗಿರುವಾಗ ಮನೆಯೋನೇ ಅಂತ ಮುಚ್ಚಿಬಿಟ್ರೆ ಕಷ್ಟ. ಲಿಸ್ಟ್ ಉದ್ದ ಆಗುತ್ತೆ, ಆಗ್ಲಿ. ಹುಡುಕೋ ಜಾಗದಲ್ಲಿ ವಿಬಿಎಸ್ ಅಂತ ಹಾಕಿದೆ, ಏನೂ ಇಲ್ಲ. ಆ ಎಂಟು ಅಕ್ಷರ ಹಾಕಿದೆ, ಇಲ್ಲ. ಹಳದಿ ಬಣ್ಣದಲ್ಲಿ ಮೂರು ಇತ್ತು, ಒಂದು ಯಾವಾಗ್ಲೋ ಗುಜರಿಗೆ ಹೋದ ಸ್ಕ್ಯಾನರಿಂದು, ಇನ್ನೆರಡು ಹಳೇ ಡ್ರೈವರ್‌ಗಳದ್ದು. ಸ್ಕ್ಯಾನರಿಂದು ಟಿಕ್ ತೆಗೆದೆ, ಟಿಕ್ ತೆಗೆದ್ರೆ ಅದು ಪಕ್ಕಕ್ಕೆ ಇಡುತ್ತೆ ಅಷ್ಟೇ, ವಾಪಸ್ ಟಿಕ್ ಹಾಕಿದ್ರೆ ಮೊದಲಿನ ಜಾಗಕ್ಕೇ ಹೋಗುತ್ತೆ. ಡ್ರೈವರಿಂದು ಮೆಸೇಜೇನೂ ಕೊಡ್ತಿಲ್ಲ, ಮುಟ್ಟೋಕೆ ಹೋಗ್ಲಿಲ್ಲ. ಹಳದಿ ಕಂಡಿದ್ದೆಲ್ಲ ಕೀಳಬೇಕು ಅಂತೇನಿಲ್ಲ.

ರನ್‌ಡಿಎಲ್‌ಎಲ್ ಅಂತ ಹೆಡ್ಡಿಂಗ್ ಇದ್ದು ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್ ಅಂತ ಬರುತ್ತಲ್ಲ, ಅದೂ ಇದರ ತಮ್ಮನೇ, ಹುಡುಕೋ ದಾರಿ ಇದೇ. ದಯವಿಟ್ಟು ಮೆಸೇಜಲ್ಲಿರೋ ಡಿಎಲ್‌ಎಲ್ (ಪ್ರೋಗ್ರಾಮುಗಳು ಬಳಸೋ ಕೋಡ್ ಫೈಲು) ಹೆಸರನ್ನ ಗೂಗಲ್ ಮಾಡಿ ಯಾವುದೋ ಸೈಟಿಂದ ಇಳಿಸಿ ಅಲ್ಲಿ ತಂದು ಹಾಕ್ಬೇಡಿ, ಓಡಿ ಹೋದ ಕಳ್ಳನ್ನ ಮನೆ ಅಡ್ರೆಸ್ ಕೊಟ್ಟು ಕರೆದಂಗೆ.

ಈಗ ಬೇರೆ ತಲೆನೋವಿಗೆ ಬರ್ತೀನಿ. ಹತ್ತು ಹನ್ನೆರಡು ದಿನ ಅದು ಜೀವಂತ ಇತ್ತು ಅಂದ್ನಲ್ಲ. ಈ ಜಾತಿ ವಿಬಿಎಸ್ ವೈರಸ್ಸುಗಳಲ್ಲಿ ಎಷ್ಟೋ ಬರೀ ಪೆನ್ ಡ್ರೈವಿಗೆ ಹಬ್ಬೋ ತರಲೆಗಳಲ್ಲ, ಹೊರಗಡೆ ಕೂತಿರೋನು ಕಳಿಸಿದ ಆರ್ಡರ್ ಪಾಲಿಸೋಂಥವು, ಪಾಸ್‌ವರ್ಡ್ ಕದಿಯೋ ಸಾಮಾನು ಇಳಿಸೋಂಥವು. ಅಂಗಡಿ ಬ್ರೌಸರಲ್ಲಿ ಭಾವ ತಮ್ಮ ಇ-ಮೇಲಿಂದ ಹಿಡಿದು ಬ್ಯಾಂಕಿನವರೆಗೂ ಎಲ್ಲಾ ಪಾಸ್‌ವರ್ಡ್ ಸೇವ್ ಮಾಡಿಟ್ಟಿದ್ರು, ಸಾಲದ್ದಕ್ಕೆ ಗಿರಾಕಿಗಳು ಅರ್ಜಿ ಹಾಕುವಾಗ ಕೊಟ್ಟಿದ್ದೂ ಸೇವ್ ಆಗಿತ್ತು. ಇದನ್ನ ಹೇಳೋವಾಗ ಭಾವನ ಮುಖ ಸಣ್ಣಗಾಯ್ತು. "ಮೆಸೇಜ್ ಬರ್ತಿರೋದು ವೈರಸ್ ಸತ್ತ ಮೇಲೆ, ಬರದೇ ಇದ್ದಾಗ್ಲೇ ಅದು ಬದುಕಿದ್ದಿದ್ದು ಅಂತೀಯಾ?" ಅಂದ್ರು. ಹೌದು ಭಾವ ಅಂದೆ. ಅವರ ಮೊಬೈಲಿಂದಲೇ ಎಲ್ಲಾ ಪಾಸ್‌ವರ್ಡ್ ಬದಲಾಯಿಸಿದ್ವಿ, ಆ ಕಂಪ್ಯೂಟರಿಂದ ಅಲ್ಲ. ಬ್ರೌಸರಲ್ಲಿ ಸೇವ್ ಆಗಿದ್ದನ್ನ ಒರೆಸಿದ್ವಿ. ಅವಧಿ ಮುಗಿದ ಆಂಟಿವೈರಸ್ ಕಿತ್ತಾಕಿದ ಮೇಲೆ ವಿಂಡೋಸಿನದೇ ಡಿಫೆಂಡರ್ ತಾನಾಗೇ ಎದ್ದು ಕೂತ್ಕೊಳ್ತು, ಅದರಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ, ರೀಸ್ಟಾರ್ಟ್ ಆಗಿ ವಿಂಡೋಸ್ ಏಳೋ ಮುಂಚೆನೇ ನೋಡುತ್ತೆ, ಒಂದು ಕಾಲು ಗಂಟೆ. ಕ್ಲೀನ್. ಆಮೇಲೆ ಫುಲ್ ಸ್ಕ್ಯಾನ್ ಹಾಕಿ ಊಟಕ್ಕೆ ಹೋದ್ವಿ, ಅದರಲ್ಲಿ ಡಿ ಡ್ರೈವಲ್ಲಿ ಒಂದು ಗಿರಾಕಿ ಪೆನ್ ಡ್ರೈವಿಂದ ಕಾಪಿ ಮಾಡಿದ ಫೋಲ್ಡರೊಳಗೆ ನಾಲ್ಕು ಶಾರ್ಟ್‌ಕಟ್ ಸಿಕ್ತು, ತೆಗೀತು.

ಆ ಶಾರ್ಟ್‌ಕಟ್ಟೇ ಇಡೀ ಕಥೆಯ ಬೇರು. ಮೊದಲೆಲ್ಲ ಪೆನ್ ಡ್ರೈವ್ ಚುಚ್ಚಿದ್ರೆ ಸಾಕು, ಆಟೋರನ್ ಅಂತ ತಾನೇ ಓಡ್ತಿತ್ತು, 2011ರಲ್ಲಿ ಮೈಕ್ರೋಸಾಫ್ಟ್ ಹಳೇ ವಿಂಡೋಸುಗಳಿಗೂ ಅಪ್‌ಡೇಟ್ ಕೊಟ್ಟು ಪೆನ್ ಡ್ರೈವಿಗೆ ಅದನ್ನ ನಿಲ್ಲಿಸ್ತು. ಅದಾದ್ಮೇಲೆ ವೈರಸ್ ಬರೆಯೋರು ನಮ್ಮ ಕೈಲೇ ಕ್ಲಿಕ್ ಮಾಡ್ಸೋ ದಾರಿ ಹಿಡಿದ್ರು. ಪೆನ್ ಡ್ರೈವಲ್ಲಿರೋ ನಿಜವಾದ ಫೋಲ್ಡರುಗಳನ್ನೆಲ್ಲ ಹಿಡನ್ ಮಾಡಿ, ಅದೇ ಹೆಸರು ಅದೇ ಹಳದಿ ಐಕಾನ್ ಹಾಕಿ ಶಾರ್ಟ್‌ಕಟ್ ಇಡೋದು. ಗಿರಾಕಿ ಪತ್ರಿಕೆ ಅಂತ ಫೋಲ್ಡರ್ ತೋರಿಸ್ತಾರೆ, ನಾವು ಡಬಲ್ ಕ್ಲಿಕ್ ಮಾಡ್ತೀವಿ, ಫೋಲ್ಡರ್ ತೆಗೆಯುತ್ತೆ, ಫೈಲೂ ಇರುತ್ತೆ, ಪ್ರಿಂಟೂ ಬರುತ್ತೆ. ಅದರ ಜೊತೆಗೇ ಹಿಂದ್ಗಡೆ ವೈರಸ್ಸೂ ಓಡಿರುತ್ತೆ, ಯಾರಿಗೂ ಗೊತ್ತಾಗಲ್ಲ. ಫೈಲ್ ಎಕ್ಸ್‌ಟೆನ್ಷನ್ ಕಾಣೋ ಹಾಗೆ ಮಾಡಿದ್ರೂ ಶಾರ್ಟ್‌ಕಟ್ಟಿನ ಎಲ್‌ಎನ್‌ಕೆ ಮಾತ್ರ ವಿಂಡೋಸ್ ತೋರಿಸಲ್ಲ. ಗುರುತು ಒಂದೇ, ಐಕಾನಿನ ಎಡಗಡೆ ಕೆಳಗೆ ಕಡ್ಲೇಕಾಳಷ್ಟು ಒಂದು ಬಾಣ. ಡೀಟೇಲ್ಸ್ ವ್ಯೂನಲ್ಲಿಟ್ರೆ ಟೈಪ್ ಕಾಲಮಲ್ಲಿ ಶಾರ್ಟ್‌ಕಟ್ ಅಂತ ಬರುತ್ತೆ.

ಹುಡುಗಿಗೆ ಇದನ್ನ ತೋರ್ಸೋಣ ಅಂದ್ರೆ ಮಾದರಿ ಬೇಕಲ್ಲ, ಅದಕ್ಕೇನು ಬರ, ಡ್ರಾಯರಲ್ಲಿ ಗಿರಾಕಿಗಳು ಮರೆತು ಬಿಟ್ಟು ಹೋದ ಪೆನ್ ಡ್ರೈವ್ ಒಂದು ಡಜನ್ ಇತ್ತು. ಮೂರನೇದ್ರಲ್ಲೇ ಸಿಕ್ತು. ಬಾಣ ಇರೋ ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟಾರ್ಗೆಟ್ ಜಾಗದಲ್ಲಿ ನೋಡಿದ್ರೆ ಫೋಲ್ಡರ್ ಹೆಸರು ಇರೋದು ಕೊನೇಲಿ, ಅದಕ್ಕೂ ಮುಂಚೆ ಸಿಎಂಡಿ ಅಂತ, ಆಮೇಲೆ ಸ್ಟಾರ್ಟ್ ಅಂತ, ಯಾವುದೋ ವಿಬಿಎಸ್ ಹೆಸರು. ಬೇರೆ ಹೆಸರು, ಅದೇ ಮನೆತನ. ಆಮೇಲೆ ಕಮಾಂಡ್ ಟೈಪ್ ಮಾಡೋ ಕಮಾಂಡ್ ಪ್ರಾಂಪ್ಟ್ ವಿಂಡೋ ತೆಗೆದು ಆ ಡ್ರೈವಿನ ಅಕ್ಷರ ಮತ್ತೆ ಕೋಲನ್ ಹೊಡೆದು ಒಳಗೆ ಹೋಗಿ, ಆಟ್ರಿಬ್, ಸ್ಪೇಸ್, ಮೈನಸ್ ಎಚ್, ಸ್ಪೇಸ್, ಮೈನಸ್ ಆರ್, ಸ್ಪೇಸ್, ಮೈನಸ್ ಎಸ್, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಸ್ಲ್ಯಾಶ್ ಡಿ, ಸ್ಪೇಸ್, ಸ್ಟಾರ್ ಡಾಟ್ ಸ್ಟಾರ್. ಹಿಡನ್ ತೆಗೆಯೋಕೆ ಎಚ್ ಒಂದೇ ಸಾಕಲ್ವಾ ಅಂತ ಅವಳು ಬರೀ ಮೈನಸ್ ಎಚ್ ಹಾಕಿ ನೋಡಿದ್ಲು, ನಾಟ್ ರೀಸೆಟ್ಟಿಂಗ್ ಸಿಸ್ಟಮ್ ಫೈಲ್ ಅಂತ ಸಾಲುಗಟ್ಟಿ ಬಯ್ಸ್ಕೊಂಡ್ಲು. ವೈರಸ್ಸು ಹಿಡನ್ ಜೊತೆಗೆ ಸಿಸ್ಟಮ್ ಫೈಲ್ ಅಂತಲೂ ಮುದ್ರೆ ಒತ್ತಿರುತ್ತೆ, ಎಸ್ಸನ್ನೂ ಜೊತೆಗೇ ತೆಗೀಬೇಕು. ಪೂರ್ತಿ ಹಾಕಿದಾಗ ನಿಜವಾದ ಫೋಲ್ಡರುಗಳು ಒಂದೊಂದಾಗಿ ಮೇಲೆದ್ವು, ಬಾಣ ಇರೋವನ್ನೂ ವಿಬಿಎಸ್ಸನ್ನೂ ಅಳಿಸಿದ್ವಿ. ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್ ಅಂತ ಒಂದು ಫೋಲ್ಡರೂ ಎದ್ದು ಕಾಣುತ್ತೆ, ಅದು ವಿಂಡೋಸಿಂದೇ, ಇರ್ಲಿ ಬಿಡಿ. ಅವಳು ಇಷ್ಟನ್ನೂ ಒಂದು ಚೀಟೀಲಿ ಬರೆದು ಲ್ಯಾಮಿನೇಟ್ ಮಾಡಿ ಮಾನಿಟರ್ ಪಕ್ಕ ಅಂಟಿಸಿದ್ಲು, ಲ್ಯಾಮಿನೇಶನ್ ಮಷೀನ್ ಪಕ್ಕದಲ್ಲೇ ಇತ್ತಲ್ಲ.

ಕೊನೇದಾಗಿ ಡಬ್ಲ್ಯೂಸ್ಕ್ರಿಪ್ಟಿಗೇ ಬೀಗ ಹಾಕಿದೆ. ವಿಬಿಎಸ್ ಫೈಲ್ ಬರೆಯೋ ಭಾಷೆ ವಿಬಿಸ್ಕ್ರಿಪ್ಟು 1996ರ ಮಾಲು, 2000ದಲ್ಲಿ ಜಗತ್ತೆಲ್ಲ ಇ-ಮೇಲಲ್ಲಿ ಹರಡಿದ ಐ ಲವ್ ಯೂ ವೈರಸ್ಸೂ ಒಂದು ವಿಬಿಎಸ್ ಫೈಲೇ, 2023ರ ಅಕ್ಟೋಬರಲ್ಲಿ ಮೈಕ್ರೋಸಾಫ್ಟೇ ಇದನ್ನ ಮುಂದೆ ತೆಗೆದುಬಿಡ್ತೀವಿ ಅಂತ ಹೇಳಿದೆ. ಅಂಗಡೀಲಿ ಅದರಿಂದ ಯಾವ ಕೆಲ್ಸಾನೂ ಇಲ್ಲ. ರೆಜೆಡಿಟಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್, ಸೆಟ್ಟಿಂಗ್ಸ್ ಒಳಗೆ ಎನೇಬಲ್ಡ್ ಅಂತ ಒಂದು ಡಿವರ್ಡ್ (ಸಂಖ್ಯೆ ಇಡೋ ಸಾಲು) ಮಾಡಿ ಬೆಲೆ 0 ಇಟ್ಟೆ, ವಾವ್6432ನೋಡ್ ಒಳಗೂ ಅದನ್ನೇ ಮಾಡಿದೆ, ಒಂದು ಸಲ ಬುದ್ಧಿ ಬಂದಿತ್ತಲ್ಲ. ಈಗ ಯಾರೇ ವಿಬಿಎಸ್ ಕ್ಲಿಕ್ ಮಾಡಿದ್ರೂ ಸ್ಕ್ರಿಪ್ಟ್ ಹೋಸ್ಟ್ ಈ ಮಷೀನಲ್ಲಿ ಬಂದ್ ಆಗಿದೆ ಅನ್ನೋ ಮೆಸೇಜ್ ಬರುತ್ತೆ. ಇದನ್ನ ಮೊದಲೇ ಮಾಡಿ ಕೈ ತೊಳ್ಕೊಳ್ಳಿ ಅಂತ ಕೆಲವರು ಹೇಳೋದು ಕೇಳಿದೀನಿ, ಆಗ ಬೆಳಗ್ಗೆ ಆ ಬಾಕ್ಸ್ ಬದಲು ಈ ಬಾಕ್ಸ್ ಬರುತ್ತೆ ಅಷ್ಟೇ, ಹಾಲಿನೋನು ಬೆಲ್ ಬಿಟ್ಟು ಬಾಗ್ಲು ಬಡೀತಾನೆ. ಆಫೀಸ್ ಕಂಪ್ಯೂಟರಾದ್ರೆ ಕೇಳ್ದೇ ಮಾಡ್ಬೇಡಿ, ವಿಂಡೋಸ್ ಆಕ್ಟಿವೇಶನ್ ನೋಡೋ ಎಸ್‌ಎಲ್‌ಎಂಜಿಆರ್ ಥರದವೂ ವಿಬಿಎಸ್ಸೇ, ಅವೂ ನಿಂತು ಹೋಗ್ತವೆ.

ಮಧ್ಯಾಹ್ನ ಎರಡು ಗಂಟೆ, ಶೆಟರ್ ಅರ್ಧ ಎಳೆದಿದ್ವಿ, ಅಷ್ಟೊತ್ತಿಗೆ ಒಬ್ರು ಹಿರಿಯರು ಬಗ್ಗಿ ಒಳಗೆ ಬಂದ್ರು, ಕೈಯಲ್ಲಿ ಪೆನ್ ಡ್ರೈವ್, ಮಗಳ ಮದ್ವೆ ಪತ್ರಿಕೆ ಬೇರೆ ಕಡೆ ಟೈಪ್ ಮಾಡ್ಸಿದ್ದಂತೆ, ಒಂದು ಕಾಪಿ ತೆಗೆದುಕೊಡಿ ಅಂತ. ಭಾವ ನನ್ನ ಮುಖ ನೋಡಿದ್ರು. ಹುಡುಗಿ ಚುಚ್ಚಿ, ಡೀಟೇಲ್ಸ್ ವ್ಯೂ ಹಾಕಿ, ಮೂಗು ಸ್ಕ್ರೀನಿಗೆ ತಾಗೋ ಹಾಗೆ ಬಗ್ಗಿ ನೋಡಿ "ಬಾಣ ಇದೆ" ಅಂದ್ಲು. ಚೀಟಿ ನೋಡ್ಕೊಂಡು ಆಟ್ರಿಬ್ ಹೊಡೆದ್ಲು, ಲಗ್ನಪತ್ರಿಕೆ ಫೋಲ್ಡರ್ ಎದ್ದು ಬಂತು, ಪ್ರಿಂಟ್ ತೆಗೆದುಕೊಟ್ಲು. ಅವರು ಹತ್ತು ರೂಪಾಯಿ ಕೊಟ್ಟು ಹೊರಡೋಕೆ ಹೋದ್ರೆ, "ಇನ್ನೂ ಇಪ್ಪತ್ತು ಕೊಡಿ ಯಜಮಾನ್ರೇ, ವೈರಸ್ ತೆಗೆದಿದೀನಿ" ಅಂತ ಇಸ್ಕೊಂಡು ಗಲ್ಲಾ ಪೆಟ್ಟಿಗೆಗೆ ಹಾಕದೆ ತನ್ನ ಪರ್ಸಿಗೆ ಹಾಕ್ಕೊಂಡ್ಲು. ಭಾವ ಏನೂ ಅನ್ಲಿಲ್ಲ.